ಕುಯಿಸೆಬ್ ದಂಡೆಯಲ್ಲಿ ಮೂರೂವರೆ ಚಿತ್ರ

ವಾರಕ್ಕೆ ಆರು ದಿನ ವಾಲ್ವಿಸ್ ಬೇಯಲ್ಲಿ
ಮೀನಿನ ತಲೆ ಕತ್ತರಿಸುತ್ತೇನೆ.
ಏಳನೆಯ ದಿನ,
ಎಷ್ಟು ತಿಕ್ಕಿದರೂ ವಾಸನೆ ಬಿಡದ ಇದೇ ಕೈಯಲ್ಲಿ
ಮರಳುಗುಡ್ಡ ಬರೆಯುತ್ತೇನೆ.
ಬಣ್ಣ ಕಲಸಲು ಖಾಲಿ ಸಾರ್ಡೀನ್ ಡಬ್ಬಿಗಳು,
ಬ್ರಷ್ಷಿಗೆ ಒಂದು ಬಾಟಲಿ ನೀರು, ನನಗೆ ಇನ್ನೊಂದು.
ಬಿಸಿಲಲ್ಲಿ ಅದಲುಬದಲಾಗಿ
ಎಷ್ಟೋ ಸಲ ನೀಲಿ ಕುಡಿದಿದ್ದೇನೆ.

ಎಲ್ಫ್ರೀಡಾ ಚಿಕ್ಕಮ್ಮ ನಾರಾ ಬೀಜ ಒಣಹಾಕುತ್ತ ಕೇಳುತ್ತಾಳೆ:
"ಗುಡ್ಡ ಅಲ್ಲೇ ಇದೆಯಲ್ಲ, ಮತ್ಯಾಕೆ ಬರೆಯೋದು?"
ಇದೆಯೆ?
ಏಳಕ್ಕೆ ಕೆಂಡ, ಒಂಬತ್ತಕ್ಕೆ ಇಟ್ಟಿಗೆ, ಹನ್ನೊಂದಕ್ಕೆ ಬೂದಿ.
ನೆರಳಿಗೆಂದು ನೇರಳೆ ಕಲಸಿ ತಲೆಯೆತ್ತುವಷ್ಟರಲ್ಲಿ
ನೆರಳು ಎದ್ದು ಹೋಗಿರುತ್ತದೆ,
ಸಾಲದ ಮಾತು ಬಂದೊಡನೆ ಚಪ್ಪಲಿ ಮೆಟ್ಟುವ ನೆಂಟನ ಹಾಗೆ.

ಮೊದಲ ಚಿತ್ರ ಮಂಜಿನ ಪಾಲಾಯಿತು.
ಕಡಲಿಂದ ಇರುಳೆಲ್ಲ ನಡೆದು ಬಂದ ಮಂಜು
ಒಂದು ಮಾತಿಲ್ಲದೆ ಕೂತುಬಿಟ್ಟಿತು,
ಗುಡ್ಡದ ಮೇಲೆ, ನನ್ನ ಮೇಲೆ, ಹಾಳೆಯ ಮೇಲೆ.
ಕೆಂಪು ತನ್ನ ಗೆರೆ ಮರೆತು ಆಕಾಶಕ್ಕೆ ಹರಿಯಿತು.
ಬಾಯಿಗೆ ಬಂದಂತೆ ಬೈದೆ.
ಆಗ ಕಂಡೆ, ಮರಳಿನ ಏಣಿನಲ್ಲಿ ಆ ಕರಿ ಜೀರುಂಡೆ:
ತಲೆ ಕೆಳಗೆ, ಬೆನ್ನು ಮೇಲೆ,
ಮೈಗಂಟಿದ ಮಂಜು ಹನಿಯಾಗಿ ಜಾರಿ
ನೇರ ಬಾಯಿಗೆ ಬರುವಂತೆ ನಿಂತಿತ್ತು.
ನನ್ನ ಬಾಯಿಗೆ ಬಂದದ್ದಕ್ಕಿಂತ
ಅದರ ಬಾಯಿಗೆ ಬಂದದ್ದು ಮೇಲು.

ಎರಡನೆಯದಕ್ಕೆ ಮೂಡಣ ಗಾಳಿ.
ಕಾದ ಬಾಣಲೆಯಂಥ ಗಾಳಿ,
ಹಸಿ ಎಣ್ಣೆಬಣ್ಣಕ್ಕೆ ಮರಳು ಎರಚಿ,
ಸ್ಟ್ಯಾಂಡು ಕೆಡವಿ, ಟೋಪಿ ಹೊತ್ತು ಹೋಯಿತು.
ಈಗಲೂ ಆ ಚಿತ್ರ ಸವರಿದರೆ ಬೆರಳಿಗೆ ಬೆಕ್ಕಿನ ನಾಲಗೆ.
ಸ್ವಾಕೊಪ್ಮುಂಡಿನ ಅಂಗಡಿಯವ ಕೊಡವಿ ನೋಡಿದ, ಉಜ್ಜಿ ನೋಡಿದ.
ಬಿಡಿ ಅಂದೆ,
ಅದರಲ್ಲಿ ಗುಡ್ಡವೇ ಇದೆ, ಒಂದು ಚಮಚೆಯಷ್ಟು.

ಮೂರನೆಯದನ್ನು ಮೇಕೆ ತಿಂದಿತು.
ಹಾಳೆಯ ಎಡಮೂಲೆ, ಅಂದರೆ ಇಡೀ ಪಡುವಣ ದಿಕ್ಕು.
ಮೇಕೆ ಕಾಯುವ ಯೊಸೆಫಾಟ ನೆಲ ನೋಡುತ್ತ ಹೇಳಿದ:
"ಹುಲ್ಲು ಅಂದುಕೊಂಡಿರಬೇಕು."
ನನ್ನ ಹುಲ್ಲನ್ನು ಇದುವರೆಗೆ
ಯಾರೂ ಅಷ್ಟು ಹೊಗಳಿರಲಿಲ್ಲ.

ಇನ್ನು ಆ ಅರ್ಧದ್ದು.
ನಾಲ್ಕು ಭಾನುವಾರ ಒಣನದಿಯನ್ನೇ ಬರೆದೆ.
ಸೀಳಿದ ಕೆಸರು, ಬಿಲ್ಲೆ ಬಿಲ್ಲೆಯಾಗಿ ಎದ್ದ ಅಂಚು,
ಆನಾ ಮರದ ಉದುರಿದ ಸುರುಳಿಕಾಯಿ,
ಒಂದೊಂದು ಬಿರುಕಿಗೂ ಒಂದು ಸಪೂರ ಕಪ್ಪು.
ಫೆಬ್ರವರಿ. ಮೇಲೆ ಒಂದು ಎಳೆ ಮೋಡವಿಲ್ಲ.
ಚಿಕ್ಕಮ್ಮ ಬೀಜ ಆರಿಸುವುದು ನಿಲ್ಲಿಸಿ
ಕಿವಿ ಓರೆ ಮಾಡಿದಳು.
"ಸಾಮಾನು ಎತ್ತು."

ಮೊದಲು ಸದ್ದು, ದೂರದಲ್ಲಿ ಯಾರೋ ಕಾಗದ ಮುದುರಿದಂತೆ.
ಆಮೇಲೆ ವಾಸನೆ.
ಆಮೇಲೆ ತಾನೇ ಬಂದಳು,
ಕಂದು ನೊರೆ, ಕಡ್ಡಿ, ಹಿಕ್ಕೆ, ಯಾರದೋ ಒಂಟಿ ಬೂಟು
ಎಲ್ಲ ಮುಂದೆ ತಳ್ಳಿಕೊಂಡು,
ಅವಸರವಿಲ್ಲದ ಹೆಂಗಸಿನ ನಡಿಗೆಯಲ್ಲಿ,
ನಾನು ಕಾಣದ ಬೆಟ್ಟಗಳಿಗೆ ಬಿದ್ದ ಮಳೆ.
ನಾಲ್ಕು ವಾರದ ನನ್ನ ಬಿರುಕುಗಳ ಮೇಲೆ
ಒಂದನ್ನೂ ಎಣಿಸದೆ ಹಾದುಹೋದಳು.

ಹಾಳೆಯಲ್ಲಿ ಒಣಗಿದ್ದಾಳೆ, ಎದುರಿಗೆ ಹರಿಯುತ್ತಿದ್ದಾಳೆ.
"ಯಾವುದು ಸುಳ್ಳು?" ಯೊಸೆಫಾಟ ಕೇಳಿದ,
ಉತ್ತರಕ್ಕೆ ಕಾಯದೆ ಮೇಕೆಗಳ ಜೊತೆ ನೀರಿಗೆ ಓಡಿದ.
ಚಿಕ್ಕಮ್ಮ ಲಂಗ ಎತ್ತಿ ಮೊಣಕಾಲು ಮಟ್ಟ ಇಳಿದು
ಏನೋ ಹೇಳುತ್ತಿದ್ದಳು, ನನಗಲ್ಲ.

ನಾನು ಸಾರ್ಡೀನ್ ಡಬ್ಬಿ ತುಂಬಿಸಿಕೊಂಡೆ.
ಮೇಲಿನರ್ಧ ಮುಟ್ಟಲಿಲ್ಲ.
ಕೆಳಗಿನರ್ಧಕ್ಕೆ ಆ ಕೆಸರುನೀರನ್ನೇ ಸುರಿದು
ಹಾಳೆ ಓರೆ ಹಿಡಿದೆ:
ಎಲ್ಲಿಗೆ ಹೋಗಬೇಕೋ ಹೋಗು.

ಈಗ ಪಿಕಪ್ಪಿನ ಹಿಂಬದಿಯಲ್ಲಿದ್ದೇನೆ, ನಾಳೆ ಮತ್ತೆ ಮೀನು.
ತೊಡೆಯ ಮೇಲಿನ ಹಾಳೆ ಒಣಗಿಲ್ಲ.
ಪ್ರತಿ ತಿರುವಿಗೂ ನದಿ
ಒಂದಿಷ್ಟು ಪಾತ್ರ ಬದಲಿಸುತ್ತಿದೆ.