ಬಣ್ಣ ಬಿಟ್ಟದ್ದು

ವಡಗಾವಿಯ ನಮ್ಮ ಓಣಿಯೊಳಗ
ಮಗ್ಗದ ಸಪ್ಪಳ ಕೇಳದ ಗಿಡ ಇಲ್ಲ.
ನುಗ್ಗಿ, ಕರಿಬೇವು, ದಾಸವಾಳ
ಎಲ್ಲಾ ಅದನ್ನ ಕೇಳಕೋತನ ಬೆಳದವು.
ಇದಕ್ಕ ಆ ಸಪ್ಪಳ ಹೊಸಾದು.
ಸುಭೇದಾರ ಚೌಗುಲೆಯವರು ಪಿಂಚಣಿಗೆ ಬರೂ ಮುಂದ
ರಾಣಿಖೇತದಿಂದ ಹಸಿ ಗೋಣಿಯೊಳಗ ಸುತ್ತಿ
ಎರಡು ರೈಲು, ಕೂಸಿನಂಗ ತೊಡಿ ಮ್ಯಾಲ ಇಟಗೊಂಡು ತಂದದ್ದು.
"ಮೇಪಲ್ ಅಂತಾರ. ನಮ್ಮ ಅಂಗಳಕ ಬಿಸಲ ಭಾಳ,
ನಿಮ್ಮ ಬಾವಿ ಕಟ್ಟಿ ಕಡೆ ತಂಪೈತಿ, ಇಟಗೋರಿ."

ಎಲಿ ನೋಡಿ ನಕ್ಕೆ.
ಅಂಗೈಯಂಥಾದು, ಐದು ಬೆರಳು,
ನಡಬರಕ ಹಸರು, ಅಂಚಿಗೆ ಹಾಲಬಿಳಿ,
ಅಲ್ಲೊಂದು ಇಲ್ಲೊಂದು ಹನಿ ಗುಲಾಬಿ.
ಹದಿನಾಕರ ವಯಸ್ಸಿನ್ಯಾಗ
ಬಣ್ಣದ ಗಡಿಗಿಯೊಳಗ ಸರಿ ಮುಳುಗಿಸದ
ನಾ ಕೆಡಿಸಿದ್ದ ನೂಲಿನ ಲಡಿಯಂಗ.
ಅವತ್ತು ಬೈಸಿಗೊಂಡಿದ್ದೆ.
ಇದಕ್ಕ ಮಂದಿ ರೊಕ್ಕಾ ಕೊಡತಾರಂತ!

ಬಾಜೂ ಮನಿ ರುಬೀನಾ ಕೇಳಿದಳು:
"ತೊನ್ನೇನ್ರಿ ಇದಕ್ಕ?"
"ಇಲ್ಲವಾ, ಹುಟ್ಟಾನ ಹಿಂಗ" ಅಂದೆ.
ನನಗೂ ಪೂರಾ ಗೊತ್ತಿರಲಿಲ್ಲ.

ಆಷಾಢದ ಜಿಟಿಜಿಟಿಗೆ ಮೈ ತುಂಬಿತು.
ಡಿಸೆಂಬರಕ್ಕ ಒಂದೂ ಎಲಿ ಇಲ್ಲ.
"ಸತ್ತೈತಿ, ಒಲಿಗೆ ಹಾಕು" ಅಂದ್ರು ನಮ್ಮವರು.
ಉಗುರಿಲೆ ತೊಗಟಿ ಕೆರದೆ.
ಒಳಗ ಹಸರು, ಒದ್ದಿ.
ಯಾರಿಗೂ ಹೇಳಲಿಲ್ಲ.

ಏಪ್ರಿಲ್ ಬಿಸಲಿಗೆ ಬಿಳಿ ಅಂಚೆಲ್ಲಾ ಸುಟ್ಟ ಹಪ್ಪಳ.
ಮಾರಾಟ ಆಗದ ಸೀರಿ ಒಂದಿತ್ತು,
ಸೆರಗಿನ ಕೆಂಪು ಒಡಲಿಗೆ ಹತ್ತಿದ್ದು,
ಹಗ್ಗಕ್ಕ ಕಟ್ಟಿ ನೆರಳ ಮಾಡಿದೆ.
ಎರಡೂ ಬಣ್ಣ ಬಿಟ್ಟವು.

ಈ ವರ್ಷ, ಹೊತ್ತು ಮುಳುಗೂ ಮಗ್ಗಲಿಗೆ
ಒಂದ ಟೊಂಗಿ ಒಡದೈತಿ. ಬರೇ ಹಸರು.
ಒಂದೂ ಕಲೆ ಇಲ್ಲ.
ಉಳಿದವು ಗೇಣು ಬೆಳೆಯೂದರಾಗ ಇದು ಮಾರು.
ಟಿಳಕವಾಡಿ ನರ್ಸರಿಯಾಂವ ಅಂದ:
"ಮೂಲ ಜಾತಿಗೆ ಹೊಳ್ಳೇತ್ರಿ. ಈಗ ಕತ್ತರಸ್ರಿ,
ಇಲ್ಲಾಂದ್ರ ಮೂರ ವರ್ಷಕ್ಕ ಇಡೀ ಗಿಡಾ ನುಂಗತೈತಿ.
ಬಿಳಿದಕ್ಕ ತನ್ನ ಅಡಗಿ ತಾ ಮಾಡಾಕ ಬರೂದಿಲ್ಲ,
ಹಸರಿನ ಮುಂದ ಎಷ್ಟ ದಿನಾ ನಿಂತೀತು?"

ಕತ್ತರಿ ಒಯ್ದೆ. ಎಳಿ ಕತ್ತರಸೂದು, ಮಗ್ಗದ್ದ.
ಮಧ್ಯಾಹ್ನ ಎರಡರ ಸುಮಾರು.
ಸೀರಿ ಗಾಳಿಗೆ ಹರದು ಯಾವಾಗೋ ಬಿದ್ದೈತಿ,
ನಾ ನೋಡಿಲ್ಲ.
ಆ ಹಸರು ಟೊಂಗಿಯ ನೆರಳು
ಬಿಳಿ ಎಲಿಗಳ ಮ್ಯಾಲ ಬಂದು ಕುಂತೈತಿ.
ಒಂದೂ ಅಂಚು ಸುಟ್ಟಿಲ್ಲ.

ಮೂರ ವರ್ಷ ಅಂದಾನಲ್ಲ.
ಕತ್ತರಿ ಸೊಂಟಕ್ಕ ಸಿಗಿಸಿ
ಹರಕ ಸೀರಿ ಮಡಚಿಗೊಂಡು ಒಳಗ ಬಂದೆ.
ಮಗ್ಗದ ಮ್ಯಾಲ ಅರ್ಧಾ ನೇಯ್ದದ್ದಿತ್ತು.