ಎರಡನೆಯ ಪೆಟ್ಟು

ಬೆಳಗಾವಿ ಕ್ಯಾಂಪಿನ ಹಳೆಯ ಸಭಾಗೃಹ, ಶನಿವಾರ, ನಾಲ್ಕೂವರೆ.
ಎಂಟು ಹುಡುಗಿಯರು ಗೋಡೆಯ ಸರಳು ಹಿಡಿದು
ಪಾದದ ತುದಿಯಲ್ಲಿ ನಿಂತಿದ್ದೆವು,
ನೆಲಕ್ಕೂ ನಮಗೂ ಮಾತು ಬಿಟ್ಟಂತೆ.

ಮಿಸ್ ಅರ್ಮಿಂದಾ ಫುರ್ಟಾಡೊ ಪಿಯಾನೊ ಮುಂದೆ.
ಮಳೆಗಾಲಕ್ಕೆ ಉಬ್ಬಿ
ಎರಡು ಮನೆ ಕಚ್ಚಿಕೊಂಡ ಪಿಯಾನೊ ಅದು.
"ಮೇಲೆ, ಇನ್ನೂ ಮೇಲೆ" ಅನ್ನುತ್ತಲೇ
ಬ್ಯಾಲೆಯ ಮಝುರ್ಕಾ ಬಾರಿಸುತ್ತಿದ್ದಳು.

ಮೂರು ಎಣಿಕೆ. ಪುಸ್ತಕದಲ್ಲಿ ಎರಡನೆಯದರ ತಲೆಯ ಮೇಲೆ
ಸಣ್ಣದೊಂದು ಬಾಣ.
ನಾವೋ, ಎಂಟೂ ಜನ ಒಂದರ ಮೇಲೇ ಬೀಳುತ್ತಿದ್ದೆವು
ಮೆಟ್ಟಿಲು ಮರೆತವರ ಹಾಗೆ.

ಮೂಲೆಯಲ್ಲಿ ಲಗಮಪ್ಪ ರಾಳ ಕುಟ್ಟುತ್ತಿದ್ದ.
ಬೂಟು ಜಾರಬಾರದಲ್ಲ, ಅದಕ್ಕೆ ಖಡೇಬಜಾರಿನ ರಾಳ.
ಹುಕ್ಕೇರಿ ಕಡೆಯವನು. ಇಲ್ಲಿ ಕಾವಲು, ಕಸ, ಕೀಲಿಕೈ.
ಮದುವೆಯ ತಿಂಗಳು ಬಂತೆಂದರೆ ರಜೆ ಚೀಟಿ ಬರೆಸಿ
ಕರಡಿ ಮಜಲಿನವರ ಬೆನ್ನು ಹತ್ತಿ ಹೋಗಿಬಿಡುವವನು.

ಒಂದು: ಗಟ್ಟಿ ಸುಮ್ಮನಿದೆ.
ಎರಡು: ಕುಟ್ಟಾಣಿ ಬಿತ್ತು.
ಮೂರು: ಬಿಸಿಲಲ್ಲಿ ಹಳದಿ ಧೂಳು.
ಮತ್ತೆ ಎರಡು. ಮತ್ತೆ
ಎರಡು.

ಮಿಸ್ ಕೈ ಎತ್ತಿದಳು.
ತಂತಿಯ ಗುಂಯ್ ಪೂರ್ತಿ ಆರಲೆಂದು ಕಾದು
"ಇದನ್ನ ನಿನಗ ಯಾರು ಕಲಿಸಿದ್ರು?" ಅಂದಳು.

"ಕಲಿಸೂದೇನ್ರಿ ಬಾಯಾರ, ಇದು ಕುಣಿಯೋ ಮಂದಿ ಹಾಡ ಐತಿ.
ಹಟ್ಟಿ ಮುಂದ, ತೊಗಲಿನ ಜೋಡು ಮೆಟ್ಟಿ,
ಹಿಮ್ಮಡ ಬಡದಾರ ಯಾರೋ.
ಆಮ್ಯಾಗ ಯಾವನೋ ದೊಡ್ಡಾಂವ ಒಗದು ಇಸ್ತ್ರಿ ಹೊಡದಾನ.
ಖರೇ, ಕೆಸರ ಹೋಗಿಲ್ರಿ."

ನಾವು ನಕ್ಕೆವು. ಅವಳು ನಗಲಿಲ್ಲ.
ಪೋಲೆಂಡಿನ ಹಳ್ಳಿಗಳದ್ದು, ಅಂದಳು ಮೆಲ್ಲಗೆ,
ನಮಗಲ್ಲ, ಪಿಯಾನೊದ ಮುಚ್ಚಳಕ್ಕೆ.
ಇಪ್ಪತ್ತು ವರ್ಷ ಬಾರಿಸಿದ್ದರಲ್ಲಿ
ಊರೊಂದಿದೆ ಎಂದು ಈಗ ಹೊಳೆದಂತೆ.
ಮತ್ತೆ, ಆ ಗೋಡೆಗಳು ಎಂದೂ ಕೇಳದ ಮಾತು:
"ಕೆಳಗೆ."

ನನ್ನ ಹಿಮ್ಮಡಿ ಎರಡರ ಮೇಲೆ ಬಿತ್ತು.
ಹಲಗೆ ಓಗೊಟ್ಟಿತು, ಹಲಗೆಯಡಿಯ ಇಲಿಗಳು ಕೂಡ.
ಪಾದದಿಂದ ಹಲ್ಲಿನ ಬುಡದವರೆಗೆ ಏರಿದ ಆ ನಡುಕ
ಯಾವ ದೇಶದ್ದೆಂದು ಕೇಳಲು ಪುರುಸೊತ್ತಿರಲಿಲ್ಲ;
ಮುಂದಿನ ಎರಡು ಆಗಲೇ ಬರುತ್ತಿತ್ತು.

ತಿಂಗಳ ಕೊನೆಗೆ ಲೆಕ್ಕದ ಪುಸ್ತಕ ಒಯ್ಯುವ ಪಾಳಿ ನನ್ನದು.
ರಾಳ, ಅರ್ಧ ಕಿಲೋ: ಒಂಬತ್ತು ರೂಪಾಯಿ.
ಕುಟ್ಟಿದ ಕೂಲಿ: ಎರಡು.
ಅದರಡಿ ಮಿಸ್ಸಿನ ಓರೆ ಅಕ್ಷರ, ತಾಳ: ಐದು.

ಪಕ್ಕದಲ್ಲಿ ಕಮಿಟಿಯವರ ಕೆಂಪು ಶಾಯಿ:
ತಾಳ ಅಂದರೆ ಒಂದು ಜೋಡಿಯೇ?
ರಸೀದಿ ಎಲ್ಲಿ?