ಒಂಬತ್ತನೆಯ ನಿಯಮ

ಮೊದಲನೆಯದು: ಕೇಳಿಕೊಂಡು ಬಂದವರಿಗೆ ಇಲ್ಲ.
ಕೇಳಿದ್ದೇ ತಪ್ಪು. ಅಲ್ಲಿಗೆ ಮುಗಿಯಿತು.
ಹೀಗೊಂದು ಸಂಘ ಇದೆಯೆಂದೇ ಗೊತ್ತಿಲ್ಲದವರಂತೆ
ಹತ್ತು ವರುಷ ರೋಗಿಗಳನ್ನು ನೋಡಿಕೊಂಡಿರಬೇಕು,
ಅಷ್ಟರಲ್ಲಿ ಇಲ್ಲೊಬ್ಬರು ಸಾಯಬೇಕು.

ನಲವತ್ತೇ ಕುರ್ಚಿ. ಮೊಂತೆವಿದೇವೊದ ಹಳೇ ಪೇಟೆ,
ಔಷಧದಂಗಡಿಯ ಮೇಲೆ ಎರಡನೆಯ ಮಹಡಿ,
ಕಿಟಕಿ ತೆರೆದರೆ ಬಂದರಿನ ಡೀಸೆಲ್ ವಾಸನೆ.
ತಿಂಗಳ ಮೊದಲ ಗುರುವಾರ ಮನೋವೈದ್ಯರು ಬರುತ್ತಾರೆ
ಒಬ್ಬೊಬ್ಬರೇ, ಮೆಟ್ಟಿಲಲ್ಲಿ ಕೆಮ್ಮುತ್ತ.
ನಾನು ನಿಲ್ಡಾ. ಸದಸ್ಯೆಯಲ್ಲ.
ಇಪ್ಪತ್ತಾರು ವರುಷದಿಂದ ನಡಾವಳಿ ಬರೆಯುತ್ತೇನೆ,
ಕಾಫಿ ಕಾಸುತ್ತೇನೆ, ನಿಯಮಗಳ ಪುಸ್ತಕ ಬಿಚ್ಚಿಹೋದಾಗ
ಬೈಂಡು ಹಾಕಿಸುತ್ತೇನೆ.

ನಾಲ್ಕು: ಹೆಸರು ಎತ್ತಲು ಇಬ್ಬರು ಬೇಕು,
ಆ ಇಬ್ಬರು ಭಾವ ಮೈದುನರಾಗಿರಬಾರದು.
ಈ ಮಾತು ಯಾಕೆ ಸೇರಿತೆಂದು ನನಗೆ ಗೊತ್ತು. ಹೇಳುವುದಿಲ್ಲ.
ಐದು: ಎತ್ತಿದ್ದು ಆ ಹೆಸರಿನವರಿಗೆ ತಿಳಿಯಬಾರದು.
ಆರು: ಊಟಕ್ಕೆ ಕರೆಯಬಹುದು, ಕಾರಣ ಹೇಳದೆ.
ಮಾತಿನ ನಡುವೆ ಮೌನ ಬಂದರೆ
ಯಾರು ಮೊದಲು ಮುರಿಯುತ್ತಾರೆಂದು ಅಲ್ಲಿ ನೋಡುತ್ತಾರೆ.
ಏಳನ್ನು ಎಂಬತ್ತೈದರಲ್ಲಿ ಹೊಡೆದುಹಾಕಿದರು.
ಗೆರೆ ಎಳೆದದ್ದು ನನಗಿಂತ ಮುಂಚಿನವಳು,
ಎಷ್ಟು ಒತ್ತಿದ್ದಾಳೆಂದರೆ ಹಿಂದಿನ ಪುಟ ಹರಿದಿದೆ.
ಅದರಲ್ಲಿ ಏನಿತ್ತೋ. ಹಳಬರು ಆ ಹಾಳೆಯನ್ನು ಬೇಗ ಮಗುಚುತ್ತಾರೆ.
ಎಂಟು: ಸದಸ್ಯರ ಸ್ವಂತ ಕಾಯಿಲೆ ಸಭೆಯ ವಿಷಯವಲ್ಲ.

ಈ ಸಲ ಹೋದವರು ಡಾಕ್ಟರ್ ಬೆತಾಂಕೋರ್.
ಎದ್ದ ಹೆಸರು ಮಿರ್ತಾ ಓಲಾಸಾ,
ಸೆರ್ರೋ ಗುಡ್ಡದ ಕ್ಲಿನಿಕ್ಕಿನವಳು, ಉಳಿದವರಿಗಿಂತ ಚಿಕ್ಕವಳು.
ಊಟದಲ್ಲಿ, ಮೀನಿನ ಮುಳ್ಳು ಬಿಡಿಸುತ್ತ ಅಂದಳಂತೆ:
ಹತ್ತೊಂಬತ್ತನೇ ವಯಸ್ಸಿಗೆ ನಾನೂ ಏಳು ತಿಂಗಳು ವಾರ್ಡಿನಲ್ಲಿದ್ದೆ,
ಬಾಗಿಲಿಗೆ ಒಳಗಡೆ ಹಿಡಿ ಇರಲಿಲ್ಲ.
ಉಪ್ಪು ಕೊಡಿ ಅಂದಷ್ಟೇ ಸಲೀಸಾಗಿ.
ಯಾರೂ ಫೋರ್ಕು ಕೆಳಗಿಡಲಿಲ್ಲ. ಅಷ್ಟು ಪಳಗಿದವರು.
ಆಮೇಲೆ ಮೆಟ್ಟಿಲಿಳಿಯುತ್ತ ಮಾತ್ರ, ಇಬ್ಬಿಬ್ಬರಾಗಿ,
ಇನ್ನೂ ಸದಸ್ಯರಲ್ಲದವರಿಗೆ ಎಂಟನೆಯದು ಅನ್ವಯಿಸುತ್ತದೆಯೇ ಎಂದು
ಪಿಸುಗುಟ್ಟಿದರು.

ಒಂಬತ್ತು: ಮತವನ್ನು ಕಾಳಿನಲ್ಲಿ ಹಾಕತಕ್ಕದ್ದು.
ಬಿಳಿ ಕಾಳು ಬೇಕು, ಕರಿ ಕಾಳು ಬೇಡ,
ಒಂದೇ ಒಂದು ಕರಿ ಸಾಕು.
ಯಾರು ಏನು ಹಾಕಿದರೆಂದು ಯಾರೂ ಬಾಯಿಬಿಡತಕ್ಕದ್ದಲ್ಲ,
ಬಿಟ್ಟವರ ಕುರ್ಚಿ ಖಾಲಿ.
ಎಣಿಸತಕ್ಕದ್ದು ಸದಸ್ಯರಲ್ಲದವರು,
ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು.
ಅಂದರೆ ನಾನು.

ಮೂವತ್ತೊಂದು ಮಂದಿ ಬಂದಿದ್ದರು. ಡಬ್ಬ ಬೋರಲು ಹಾಕಿದೆ.
ಮೂವತ್ತು ಬಿಳಿ, ಮತ್ತೆ ಅದು.
ಒಲೆಯ ಮೇಲೆ ಕಾಫಿ ಉಕ್ಕಿ ಚೊಂಯ್ ಅಂತು.
ನನ್ನಣ್ಣ ರೂಬೆನ್ ಕೂಡ ಅಂದಿದ್ದ, ನಾನು ಬುತ್ತಿ ಒಯ್ದಾಗೆಲ್ಲ:
ಇಲ್ಲಿಯ ಬಾಗಿಲಿಗೆ ಹಿಡಿಯೇ ಇಲ್ಲ ನಿಲ್ಡಾ.
ಕಾಯಿಲೆ ಮಾತಾಡಿಸುತ್ತಿದೆ ಅಂದುಕೊಂಡಿದ್ದೆವು ಮನೆಯವರು.

ಇನ್ನೊಮ್ಮೆ ಎಣಿಸಿ ಹೊರಗೆ ಬಂದೆ.
ಮೂವತ್ತು, ಅಂದೆ. ಬಿಳಿ.
ಡಾಕ್ಟರ್ ಅಲ್ತೆಸೋರ್ ಕನ್ನಡಕ ಒರೆಸಿಕೊಂಡು
ಇನ್ನೊಬ್ಬರು ಹಾಕಿಲ್ಲವೇನೋ, ಅಡ್ಡಿಯಿಲ್ಲ, ಅಂದರು.
ಮೂವತ್ತೊಂದು ಮುಖ. ಮುಖ ಓದುವುದೇ ಕಸುಬಾದವರು.
ಅದರಲ್ಲೊಂದು ಬಾಯಿ ತೆರೆಯಿತು, ಆಕಳಿಕೆಯೋ ಏನೋ,
ಮುಚ್ಚಿಕೊಂಡಿತು.
ಒಂಬತ್ತನೆಯ ನಿಯಮ ನನ್ನ ಕೈಬಿಡಲಿಲ್ಲ.

ಜೂನಿನಲ್ಲಿ ಬಂದಳು ಮಿರ್ತಾ, ಒದ್ದೆ ಕೊಡೆ ಎಲ್ಲಿಡಲಿ ಎಂದಳು.
ಬೆತಾಂಕೋರರ ಕುರ್ಚಿಗೆ ಎಡಗಾಲು ಕುಂಟು,
ಹೇಳಲು ಮರೆತಿದ್ದೆ.
ಒಮ್ಮೆ ವಾಲಿ, ತಾನೇ ಹದ ನೋಡಿಕೊಂಡು ಕೂತಳು.

ಆ ಕಾಳೋ?
ಏಪ್ರನ್ನಿನ ಜೇಬಿನಲ್ಲಿ ನನ್ನ ಜೊತೆ ಬಸ್ಸು ಹತ್ತಿತು.
ಭಾನುವಾರಕ್ಕೆಂದು ಉಳಿದ ಕಾಳಿನೊಂದಿಗೆ ನೆನೆಹಾಕಿದೆ.
ಬೇಯಲು ಅದಕ್ಕೂ ಅಷ್ಟೇ ಹೊತ್ತು ಹಿಡಿಯಿತು.
ರೂಬೆನ್ ಎರಡು ಸಲ ಬಡಿಸಿಕೊಂಡ.